ಇಂಟರ್ನೆಟ್ ಇಲ್ಲದ ಲ್ಯಾನ್‌ನಲ್ಲಿ ಗಡಿಯಾರ ಹೊಂದಿಸಲು
ಇಂಟರ್ನೆಟ್ ಇಲ್ಲದ ಲ್ಯಾನ್‌ನಲ್ಲಿ (ಒಂದೇ ಕಡೆಯ ಕಂಪ್ಯೂಟರ್‌ಗಳ ಜಾಲ) ಹತ್ತು ಲಿನಕ್ಸ್ ಕಂಪ್ಯೂಟರ್‌ಗಳ ಸಮಯ ಒಂದೇ ಇರಬೇಕು, ಗಂಟೆಗೊಮ್ಮೆ ಕ್ರಾನ್‌ನಿಂದ (ನಿಗದಿತ ಹೊತ್ತಿಗೆ ಆಜ್ಞೆ ನಡೆಸುವ ಸಾಧನ) ತಿದ್ದಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಗಡಿಯಾರ ದಿಢೀರನೆ ಹಿಂದಕ್ಕೆ ಹೋದರೆ ಲಾಗ್‌ಗಳ ಕ್ರಮ ಕೆಡುತ್ತದೆ, ಯಾವ ಫೈಲು ಹೊಸದು ಅಂತ ಪ್ರೋಗ್ರಾಂ ಕಟ್ಟುವ ‘ಮೇಕ್’ ಸಾಧನಕ್ಕೆ ಗೊತ್ತಾಗುವುದಿಲ್ಲ. ಸಮಯ ಹೊಂದಿಸುವ ಕ್ರೋನಿ (chrony) ತಂತ್ರಾಂಶ ಬಳಸಿ. ಅದು ಗಡಿಯಾರದ ವೇಗವನ್ನೇ ಚೂರು ಹೆಚ್ಚು ಕಡಿಮೆ ಮಾಡಿ ಮೆಲ್ಲಗೆ ಸರಿಗೆ ತರುತ್ತದೆ.

ಒಂದು ಕಂಪ್ಯೂಟರನ್ನು ಯಜಮಾನ ಮಾಡಿ. ಅದರ ಸೆಟ್ಟಿಂಗ್ ಫೈಲಿಗೆ ‘ಲೋಕಲ್ ಸ್ಟ್ರೇಟಂ 10’ (local stratum 10, ಹೊರಗಿನ ಸಮಯ ಸಿಗದಿದ್ದರೂ ತನ್ನ ಗಡಿಯಾರವನ್ನೇ ಹಂಚು ಎಂಬ ಸೂಚನೆ) ಸೇರಿಸಿ, ‘ಅಲೋ’ (allow) ಸಾಲಿನಲ್ಲಿ ನಿಮ್ಮ ಸಬ್‌ನೆಟ್ (ಲ್ಯಾನ್‌ನ ಐಪಿ ವಿಳಾಸಗಳ ವ್ಯಾಪ್ತಿ) ಕೊಡಿ. ಫೈರ್‌ವಾಲ್‌ನಲ್ಲಿ ಸಮಯದ ಸಂದೇಶಗಳು ಬರುವ ಯುಡಿಪಿ 123 ಪೋರ್ಟ್ ತೆರೆದಿರಲಿ, ಇದನ್ನು ಮರೆಯುವುದು ಸುಲಭ. ಉಳಿದ ಒಂಬತ್ತರಲ್ಲಿ ಸರ್ವರ್ ಆಗಿ ಇದರ ಐಪಿ ಮಾತ್ರ ಇರಲಿ. ಯಜಮಾನನ ಸಮಯ ನಿಜ ಸಮಯದಿಂದ ಸ್ವಲ್ಪ ಸರಿಯಬಹುದು. ಆದರೆ ಹತ್ತೂ ಒಟ್ಟಿಗೆ ಸರಿಯುತ್ತವೆ, ನಿಮಗೆ ಬೇಕಾಗಿದ್ದು ಅದೇ ಅಲ್ವಾ?