ಹಗಲು 97, ರಾತ್ರಿ 85: ಗೊರಕೆಯೂ ಇಲ್ಲ, ಕಾರಣ ಏನಿರಬಹುದು?

ಹಗಲು ಆಕ್ಸಿಜನ್ 97 ಇರುತ್ತದೆ, ನಿದ್ದೆಯಲ್ಲಿ 85ಕ್ಕೆ ಇಳಿಯುತ್ತದೆ, ಗೊರಕೆ ಇಲ್ಲ, ಸಿಗರೇಟಿನ ಅಭ್ಯಾಸವೂ ಇಲ್ಲ, ಮನೆಗೆ ಆಕ್ಸಿಜನ್ ಮೆಷಿನ್ ತರಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ತರಬೇಡಿ. ಮೊದಲು ಕಾರಣ ಹುಡುಕಿಸಿ.

ನಾನು ಬದಿಯಡ್ಕದ ಹತ್ತಿರದವಳು. ನನಗೂ ಹೀಗೇ ಆಗುತ್ತಿತ್ತು. ಬೆಳಿಗ್ಗೆ ಎದ್ದರೆ ತಲೆಭಾರ, ಹಗಲೆಲ್ಲ ತೂಕಡಿಕೆ. ಮೊದಲು ತೋರಿಸಿದ ಕಡೆ ಟೆನ್ಷನ್ ಜಾಸ್ತಿ ಅಂದರು, ನಿದ್ದೆಮಾತ್ರೆ ಬರೆದುಕೊಟ್ಟರು. ಉಸಿರಾಟವೇ ದುರ್ಬಲ ಆಗಿರುವಾಗ ಕೆಲವು ನಿದ್ದೆಮಾತ್ರೆಗಳು ಅದನ್ನು ಇನ್ನೂ ಕುಗ್ಗಿಸುತ್ತವೆ. ನೀವೂ ಅಂಥದ್ದು ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ.

ನಡುರಾತ್ರಿ ಎದ್ದು ಬೆರಳಿಗೆ ಸಿಕ್ಕಿಸಿ ನೋಡಿದ ಒಂದು ನಂಬರಿನಿಂದ ಏನೂ ತೀರ್ಮಾನ ಆಗುವುದಿಲ್ಲ. ಬೆರಳು ತಣ್ಣಗಿದ್ದರೂ ಉಗುರಿಗೆ ಬಣ್ಣ ಇದ್ದರೂ ಅದು ತಪ್ಪು ತೋರಿಸಬಹುದು. ಇಡೀ ರಾತ್ರಿ ರೆಕಾರ್ಡ್ ಮಾಡುವ ಆಕ್ಸಿಮೀಟರ್ ಇದೆ, ಅದರ ಗ್ರಾಫ್ ಬೇಕು. ಗೆರೆ ಗರಗಸದ ಹಲ್ಲಿನ ಹಾಗೆ ಇಳಿದು ಏರಿ, ಇಳಿದು ಏರಿ ಇದ್ದರೆ ಸಾಮಾನ್ಯವಾಗಿ ಸ್ಲೀಪ್ ಆಪ್ನಿಯ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು. ಗೊರಕೆ ಇಲ್ಲದವರಿಗೂ ಅದು ಬರುತ್ತದೆ. ಇಳಿದ ಗೆರೆ ತುಂಬಾ ಹೊತ್ತು ಕೆಳಗೇ ಉಳಿದರೆ ಶ್ವಾಸಕೋಶ, ಹೃದಯ, ಉಸಿರಾಟದ ಸ್ನಾಯು ಇವನ್ನೆಲ್ಲ ನೋಡಬೇಕಾಗುತ್ತದೆ.

ನನ್ನ ಗೆರೆ ಬೆಳಗಿನ ಜಾವವೇ ಹೆಚ್ಚು ಕುಸಿಯುತ್ತಿತ್ತು, ಕುಸಿದರೆ ಅಲ್ಲೇ ಉಳಿಯುತ್ತಿತ್ತು. ಕನಸು ಬೀಳುವ ನಿದ್ದೆ ಆ ಹೊತ್ತಿನಲ್ಲೇ ಜಾಸ್ತಿ. ಆಗ ಕುತ್ತಿಗೆ, ಪಕ್ಕೆಲುಬಿನ ಸ್ನಾಯುಗಳು ಸಡಿಲಾಗಿ, ಉಸಿರೆಳೆಯುವ ಕೆಲಸ ಹೆಚ್ಚುಕಡಿಮೆ ಡಯಾಫ್ರಾಮ್ ಒಂದರ ಮೇಲೇ ಬೀಳುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಇರುವ ಆ ಸ್ನಾಯು ಸೋತಿದ್ದರೆ ಆಕ್ಸಿಜನ್ ಇಳಿಯಲೇಬೇಕು ಅಲ್ವಾ?

ಇದನ್ನು ಮಂಗಳೂರಿನ ಶ್ವಾಸಕೋಶ ತಜ್ಞರೊಬ್ಬರು ಹಿಡಿದರು. ಮಲಗಿದ ಕೂಡಲೇ ಏದುಸಿರು ಬರುತ್ತದಾ ಅಂತ ಕೇಳಿದರು. ಹಳೇ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ಬಲಗಡೆ ಡಯಾಫ್ರಾಮ್ ಮೇಲೆ ಸರಿದಿತ್ತು. ಆ ಬದಿ ಹೆಚ್ಚಿನವರಿಗೆ ಸ್ವಲ್ಪ ಎತ್ತರವೇ, ಹಾಗಾಗಿ ಬೇಗ ಕಣ್ಣಿಗೆ ಬೀಳುವುದಿಲ್ಲ. ಊದುವ ಪರೀಕ್ಷೆಯನ್ನು ಕೂತು ಒಮ್ಮೆ, ಮಲಗಿ ಒಮ್ಮೆ ಮಾಡಿಸಿದರು. ಮಲಗಿದಾಗ ಅಂಕಿ ಚೆನ್ನಾಗಿಯೇ ಇಳಿಯಿತು. ಕೊನೆಗೆ ಎಕ್ಸ್‌ರೇ ಪರದೆಯ ಮುಂದೆ ನಿಲ್ಲಿಸಿ, ಮೂಗಿನಿಂದ ಪಟಕ್ಕನೆ ಗಾಳಿ ಎಳೆಯಿರಿ ಅಂದರು. ಎಡಬದಿ ಕೆಳಗಿಳಿಯಿತು, ಬಲಬದಿ ಉಲ್ಟಾ ಮೇಲೇರಿತು. ಅದಕ್ಕೆ ಹೋಗುವ ನರ ಸೋತಿತ್ತು. ಎದೆಯಲ್ಲಿ ಗಡ್ಡೆ ಏನಾದರೂ ನರವನ್ನು ಒತ್ತುತ್ತಿದೆಯಾ ಅಂತ ಸಿಟಿ ಸ್ಕ್ಯಾನ್ ಆಯಿತು, ಏನೂ ಸಿಗಲಿಲ್ಲ. ಹೀಗೆ ಮೂಲ ಕಾರಣ ಸಿಗದೇ ಇರುವವರು ಬಹಳ ಜನ ಇದ್ದಾರೆ.

ಆಕ್ಸಿಜನ್ ಮೆಷಿನ್ ಈಗ ಬೇಡ ಅಂದಿದ್ದು ಇದಕ್ಕೇ. ಉಸಿರು ಸಾಲದೆ ಒಳಗೆ ಕಾರ್ಬನ್ ಡೈಆಕ್ಸೈಡ್ ಸೇರುತ್ತಿದ್ದರೆ, ಬರೀ ಆಕ್ಸಿಜನ್ ಕೊಟ್ಟಾಗ ಬೆರಳಿನ ನಂಬರ್ ಚಂದ ಕಾಣುತ್ತದೆ, ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಲೇ ಇರಬಹುದು. ಮಣಿಕಟ್ಟಿನಿಂದ ರಕ್ತ ತೆಗೆದು ಮಾಡುವ ಎಬಿಜಿ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ. ಕೇಳಿ ಮಾಡಿಸಿ. ಜೊತೆಗೆ ಹೃದಯದ ಎಕೋ, ಸ್ಲೀಪ್ ಸ್ಟಡಿ. ಕಾಸರಗೋಡಿನ ಕಡೆಯವರಾದರೆ ಮಂಗಳೂರಿಗೋ ಪರಿಯಾರದ ಮೆಡಿಕಲ್ ಕಾಲೇಜಿಗೋ ಹೋಗುವಾಗ ಹಳೇ ಎಕ್ಸ್‌ರೇಗಳನ್ನೆಲ್ಲ ಒಯ್ಯಿರಿ, ರಿಪೋರ್ಟ್ ಮಾತ್ರ ಸಾಲದು.

ನಾನೀಗ ರಾತ್ರಿ ಬೈಪ್ಯಾಪ್, ಅಂದರೆ ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗುವ ಮೆಷಿನ್ ಹಾಕಿಕೊಂಡು, ತಲೆಕಡೆ ಎತ್ತರ ಮಾಡಿ ಮಲಗುತ್ತೇನೆ. ಮಾಸ್ಕ್ ಅಭ್ಯಾಸ ಆಗಲು ಸಮಯ ಬೇಕು. ನಮ್ಮ ಮಳೆಗಾಲಕ್ಕೆ ಇನ್ವರ್ಟರ್ ಇರಲೇಬೇಕು. ತಲೆಭಾರ ಹೋಗಿದೆ.

ಹಗಲಲ್ಲೂ 90ಕ್ಕಿಂತ ಕೆಳಗೆ ಬಂದರೆ, ತುಟಿ ನೀಲಿಯಾದರೆ, ಮಾತು ತೊದಲಿದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ನಿಮಗೆ ಯಾವ ಹೊತ್ತಿನಲ್ಲಿ ಇಳಿಯುತ್ತದೆ, ಅಂಗಾತ ಮಲಗಿದರೆ ಕಷ್ಟ ಆಗುತ್ತದಾ, ಕುತ್ತಿಗೆಗೋ ಎದೆಗೋ ಹಿಂದೆ ಆಪರೇಷನ್ ಆಗಿದೆಯಾ? ಈ ಮೂರನ್ನೂ ಬರೆದಿಟ್ಟುಕೊಂಡು ಡಾಕ್ಟರ ಹತ್ತಿರ ಹೋಗಿ.