ಗೋಲು ವ್ಯತ್ಯಾಸ ಗೋವಾದ್ದು ಜಾಸ್ತಿ, ಮೇಲೆ ಕೂತದ್ದು ಬೆಂಗಳೂರು!

ಪ್ರಶ್ನೆ: 2018–19ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಅಂಕಪಟ್ಟಿ ನೋಡುತ್ತಿದ್ದೆ. ಬೆಂಗಳೂರು ಎಫ್‌ಸಿ, ಎಫ್‌ಸಿ ಗೋವಾ ಎರಡಕ್ಕೂ 34 ಅಂಕ. ಗೋಲು ವ್ಯತ್ಯಾಸ (ಹೊಡೆದ ಗೋಲಿನಿಂದ ಬಿಟ್ಟುಕೊಟ್ಟದ್ದನ್ನು ಕಳೆದರೆ ಉಳಿಯುವುದು) ಗೋವಾದ್ದು 16, ನಮ್ಮದು ಬರೀ 7. ಆದರೂ ಮೊದಲ ಸ್ಥಾನ ನಮಗೆ. ಪಟ್ಟಿ ತಪ್ಪಾಗಿದೆಯಾ? ಇನ್ನೊಂದು ಅನುಮಾನ. ಅದರ ಹಿಂದಿನ ಸಲವೂ ನಾವೇ ಮೊದಲು, ಆದರೆ ಚಾಂಪಿಯನ್ ಚೆನ್ನೈಯಿನ್ ಎಫ್‌ಸಿ ಎಂದಿದೆ. ಇದೆಂಥ ಲೆಕ್ಕ?
– ಓದುಗರೊಬ್ಬರು, ಹಾಸನ

ಉತ್ತರ: ಪಟ್ಟಿ ಸರಿಯಾಗಿಯೇ ಇದೆ. ನೀವು ನೋಡಿದ್ದು ಗೋಲಿನ ಕಾಲಂ. ಐಎಸ್‌ಎಲ್ ಆಗ ಅದಕ್ಕೂ ಮೊದಲು ಬೇರೊಂದು ಲೆಕ್ಕ ನೋಡುತ್ತಿತ್ತು, ಅದು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಎರಡು ತಂಡಗಳ ಅಂಕ ಸಮವಾದರೆ, ಅವೆರಡೇ ಪರಸ್ಪರ ಆಡಿದಾಗ ಏನಾಯಿತು ಎಂಬುದು ಮೊದಲ ಪ್ರಶ್ನೆ. ಆ ಸಲ ಬೆಂಗಳೂರು ಗೋವಾಕ್ಕೆ ಹೋಗಿ 2–1ರಿಂದ ಗೆದ್ದಿತ್ತು. ಕಂಠೀರವದಲ್ಲಿ 3–0. ಎರಡೂ ಪಂದ್ಯ ನಮ್ಮದೇ ಆದ ಮೇಲೆ ಮಾತೇ ಇಲ್ಲ. ಗೋವಾ ಉಳಿದ ತಂಡಗಳ ಮೇಲೆ ಗೋಲಿನ ಮಳೆ ಸುರಿಸಿದ್ದು ಇಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಈ ನಿಯಮ ಎಲ್ಲ ಕಡೆ ಒಂದೇ ಅಲ್ಲ. ಸ್ಪೇನ್‌ನದು ನಮ್ಮ ಹಾಗೆ. 2006–07ರಲ್ಲಿ ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಎರಡಕ್ಕೂ 76 ಅಂಕ. ಗೋಲು ವ್ಯತ್ಯಾಸ ಬಾರ್ಸಿಲೋನಾದ್ದು 45, ಮ್ಯಾಡ್ರಿಡ್‌ದು 26. ಆದರೆ ಮುಖಾಮುಖಿಯಲ್ಲಿ ಮ್ಯಾಡ್ರಿಡ್ ಒಂದು ಗೆದ್ದು ಒಂದು ಡ್ರಾ ಮಾಡಿಕೊಂಡಿತ್ತು. ಪ್ರಶಸ್ತಿ ಅವರಿಗೇ ಹೋಯಿತು. ಇಂಗ್ಲೆಂಡ್‌ನಲ್ಲಿ ಗೋಲು ವ್ಯತ್ಯಾಸವೇ ಮೊದಲು. 2011–12ರಲ್ಲಿ ಮ್ಯಾಂಚೆಸ್ಟರ್‌ನ ಎರಡೂ ತಂಡ (ಸಿಟಿ, ಯುನೈಟೆಡ್) 89 ಅಂಕದಲ್ಲಿ ನಿಂತಾಗ ಸಿಟಿ ಗೆದ್ದದ್ದು 64–56ರ ಗೋಲು ವ್ಯತ್ಯಾಸದಿಂದ. ಅದೂ ಸಮವಾದರೆ? 1989ರಲ್ಲಿ ಆರ್ಸೆನಲ್, ಲಿವರ್‌ಪೂಲ್ ಎರಡಕ್ಕೂ 76 ಅಂಕ, ವ್ಯತ್ಯಾಸವೂ 37ಕ್ಕೆ 37. ಕೊನೆಗೆ ಒಟ್ಟು ಹೊಡೆದ ಗೋಲು ಎಣಿಸಿದರು. 73 ಹೊಡೆದ ಆರ್ಸೆನಲ್ ಚಾಂಪಿಯನ್ ಆಯಿತು, 65ರ ಲಿವರ್‌ಪೂಲ್ ಎರಡನೆಯದು.

ಯಾವುದು ಸರಿ ಎಂದು ಕೇಳಿದರೆ ನನ್ನ ವೋಟು ಗೋಲು ವ್ಯತ್ಯಾಸಕ್ಕೆ. ಲೀಗ್ ಎಂದರೆ ಎಲ್ಲರ ವಿರುದ್ಧ ಆಡಿದ ಲೆಕ್ಕ ಅಲ್ವಾ? ಆದರೆ ಮುಖಾಮುಖಿ ಲೆಕ್ಕ ನಮ್ಮ ಕೈಹಿಡಿದ ಆ ಸಲ, 2019ರ ಫೆಬ್ರವರಿಯಲ್ಲಿ, ನೀವು ಕೇಳಿದ್ದರೆ ಉಲ್ಟಾ ಹೇಳುತ್ತಿದ್ದೆ!

ಈಗ ಎರಡನೆಯ ಅನುಮಾನ. 2017–18 ಐಎಸ್‌ಎಲ್‌ನಲ್ಲಿ ಬೆಂಗಳೂರಿಗೆ ಮೊದಲ ವರ್ಷ. ಗಳಿಸಿದ್ದು 40 ಅಂಕ. ಎರಡನೆಯ ಸ್ಥಾನದ ಚೆನ್ನೈಯಿನ್‌ಗೆ 32 ಮಾತ್ರ. ಬೇರೆ ದೇಶದಲ್ಲಾಗಿದ್ದರೆ ಅಷ್ಟಕ್ಕೇ ಮೆರವಣಿಗೆ ಹೊರಡುತ್ತಿತ್ತು. ಆದರೆ ಆಗ ಐಎಸ್‌ಎಲ್‌ನಲ್ಲಿ ಅಂಕಪಟ್ಟಿ ಬರೀ ಪ್ಲೇಆಫ್‌ಗೆ, ಅಂದರೆ ಮೇಲಿನ ತಂಡಗಳ ನಾಕೌಟ್ ಸುತ್ತಿಗೆ, ಟಿಕೆಟ್. ಟ್ರೋಫಿ ಫೈನಲ್ ಗೆದ್ದವರಿಗೆ. ಫೈನಲ್ ನಮ್ಮ ಕಂಠೀರವದಲ್ಲೇ ನಡೆಯಿತು. ಒಂಬತ್ತನೇ ನಿಮಿಷಕ್ಕೆ ಸುನಿಲ್ ಛೆಟ್ರಿ ಗೋಲು ಹೊಡೆದರು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್ ಕಿಕ್‌ಗೆ ತಲೆಯಿಂದ ಎರಡು ಗೋಲು ಹಾಕಿದರು. ಕೊನೆಗೆ 2–3ರಿಂದ ನಮಗೆ ಸೋಲು. ಎಂಟು ಅಂಕದ ಮುನ್ನಡೆ ಒಂದು ಸಂಜೆಯಲ್ಲಿ ಹೋಯಿತು.

ಮರುವರ್ಷ ಗೋವಾ ವಿರುದ್ಧ ಮುಂಬೈಯಲ್ಲಿ ಫೈನಲ್. ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ನಮ್ಮ ರಾಹುಲ್ ಭೇಕೆ ತಲೆಯಿಂದ ಗೋಲು ಹೊಡೆದು ಗೆಲ್ಲಿಸಿದರು. ಹಾಗಾಗಿ ಆ ಸಲ ಪಟ್ಟಿಯೂ ನಮ್ಮದು, ಟ್ರೋಫಿಯೂ ನಮ್ಮದು.

ಒಂದು ತಮಾಷೆ ಕೇಳಿ. ಲೀಗ್ ಹಂತದಲ್ಲಿ ಮೊದಲು ಬಂದವರಿಗೂ ಶೀಲ್ಡ್ ಕೊಡುವ ಪದ್ಧತಿ ಶುರುವಾದದ್ದು 2019–20ರಲ್ಲಿ. ಬೆಂಗಳೂರು ಎರಡು ವರ್ಷ ಸತತ ಮೊದಲು ಬಂದಿತ್ತು, ಶೀಲ್ಡ್ ಇರಲಿಲ್ಲ. ಶೀಲ್ಡ್ ಬಂದ ವರ್ಷ ಅದನ್ನು ಎತ್ತಿಕೊಂಡು ಹೋದದ್ದು ಯಾರು? ಅದೇ ಗೋವಾ.

ಅದಕ್ಕೇ ಕ್ಲಬ್‌ನ ಪ್ರಶಸ್ತಿ ಎಣಿಸುವಾಗ ಎರಡು ಕಾಲ ಬೇರೆ ಮಾಡಿಕೊಳ್ಳಿ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲು ಆಡಿದ್ದು ದೇಶದ ಇನ್ನೊಂದು ಲೀಗ್ ಆದ ಐ–ಲೀಗ್‌ನಲ್ಲಿ. ಅಲ್ಲಿ ಆಗ ಫೈನಲ್ ಎಂಬುದಿರಲಿಲ್ಲ, ಪಟ್ಟಿಯಲ್ಲಿ ಮೇಲಿದ್ದವರೇ ಚಾಂಪಿಯನ್. ಮೊದಲ ಪ್ರಯತ್ನದಲ್ಲೇ, 2013–14ರಲ್ಲಿ, ಗೆದ್ದರು. 2015–16ರಲ್ಲಿ ಮತ್ತೆ ಗೆದ್ದರು.

ನಡುವಿನ ವರ್ಷ ಮಾತ್ರ ಫೈನಲ್ ಇಲ್ಲದ ಲೀಗ್‌ನಲ್ಲೂ ಫೈನಲ್ ಆಯಿತು. 2015ರ ಮೇ 31, ಕೊನೆಯ ಪಂದ್ಯ, ಎದುರಿಗೆ ಕೋಲ್ಕತ್ತದ ಮೋಹನ್ ಬಗಾನ್. ಬೆಂಗಳೂರಿಗೆ ಗೆಲುವು ಬೇಕು, ಅವರಿಗೆ ಡ್ರಾ ಸಾಕು. ಜಾನ್ ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. ಗಡಿಯಾರ 87ನೇ ನಿಮಿಷಕ್ಕೆ ಬಂದಿತ್ತು. ಆಗ ಬಗಾನ್‌ನ ಬೆಲ್ಲೊ ರಜಾಕ್ ಸಮ ಮಾಡಿದರು. ಬಗಾನ್‌ಗೆ 13 ವರ್ಷಗಳ ಬಳಿಕ ಲೀಗ್ ಸಿಕ್ಕಿತು. ಆ ವರ್ಷದ ಪಟ್ಟಿ ತೆಗೆದು ನೋಡಿ: ಬಗಾನ್ 39, ಬೆಂಗಳೂರು 37.