ಸಿಲ್ ಮೊದಲು, ಬಣ್ಣ ಆಮೇಲೆ: ಎಂಜಿಬಿ ಕಾರಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಕಾರಿನ ಬಗ್ಗೆ: ಎಂಜಿಬಿ. ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಇದು. ಐದು ಲಕ್ಷಕ್ಕೂ ಜಾಸ್ತಿ ಕಾರುಗಳು ಆ ಕಾರ್ಖಾನೆಯಿಂದ ಹೊರಬಂದವು. ಹಾಗಾಗಿ ಬಿಡಿಭಾಗಗಳು ಇವತ್ತಿಗೂ ಸುಲಭವಾಗಿ ಸಿಗುತ್ತವೆ. ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮವರು ಮೊದಲ ಹಳೇ ಕಾರು ಅಂತ ಇದರ ಕಡೆ ಕಣ್ಣು ಹಾಕುವುದಕ್ಕೆ ಅದೂ ಒಂದು ಕಾರಣ. ಇಪ್ಪತ್ತು ವರ್ಷದಿಂದ ಈ ಕಾರುಗಳ ಕೆಳಗೆ ಮಲಗಿ ಕೆಲಸ ಮಾಡಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಈಗ ರೆಡಿಂಗ್‌ನಲ್ಲಿದ್ದೇನೆ. 1970ರ ಎಂಜಿಬಿ ರೋಡ್‌ಸ್ಟರ್ (ಛಾವಣಿ ಇಲ್ಲದ ಮಾದರಿ) ಒಂದನ್ನು ನೋಡಿ ಬಂದೆ. ಬಣ್ಣ ಹೊಸದು, ಸೀಟು ಹೊಸದು, ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಬಾಗಿಲನ್ನು ಮಾತ್ರ ಸ್ವಲ್ಪ ಎತ್ತಿ ಹಾಕಬೇಕು. ಹಿಂಜ್ ಸವೆದಿದೆ, ಅಷ್ಟೇ ಅಂತ ಮಾರುವವರು ಹೇಳಿದರು. ತಗೊಳ್ಳಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಬಾಗಿಲಿನದು. ಹಿಂಜ್ ಸವೆದಿರಲೂಬಹುದು. ಆದರೆ ಎಂಜಿಬಿಯಲ್ಲಿ ಬಾಗಿಲು ಎತ್ತಿ ಹಾಕಬೇಕು ಅಂದರೆ ನಾನು ಮೊದಲು ಬಗ್ಗಿ ಸಿಲ್ ನೋಡುತ್ತೇನೆ. ಬಾಗಿಲಿನ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ಉದ್ದನೆಯ ಪೆಟ್ಟಿಗೆಯೇ ಸಿಲ್.

ಎಂಜಿಬಿಗಿಂತ ಮುಂಚೆ ಬಂದ ಎಂಜಿಎ ಕಾರಿಗೆ ಬಾಡಿಯ ಕೆಳಗೆ ಪ್ರತ್ಯೇಕ ಚಾಸಿ, ಅಂದರೆ ಭಾರ ಹೊರುವ ಚೌಕಟ್ಟು, ಇತ್ತು. ಎಂಜಿಬಿಗೆ ಇಲ್ಲ. ಬಾಡಿಯೇ ಅದರ ಬೆನ್ನುಮೂಳೆ. ರೋಡ್‌ಸ್ಟರ್‌ಗೆ ಮೇಲೆ ಛಾವಣಿಯೂ ಇಲ್ಲವಲ್ಲ, ಹಾಗಾಗಿ ಭಾರವೆಲ್ಲ ಸಿಲ್‌ಗಳ ಮೇಲೆ ಮತ್ತು ಎರಡು ಸೀಟಿನ ನಡುವೆ ಉಬ್ಬಿರುವ ಟನೆಲ್ ಮೇಲೆ ಬೀಳುತ್ತದೆ. ಸಿಲ್ ಒಂದೇ ತಗಡಲ್ಲ. ಹೊರಗೆ ಕಾಣುವ ತಗಡು ಒಂದು. ಅದರ ಹಿಂದೆ ನಿಂತ ನಡುವಿನ ತಗಡು ಇನ್ನೊಂದು. ಕೆಳಗೆ ಕ್ಯಾಸಲ್ ರೈಲ್ ಅಂತ ಮತ್ತೊಂದು. ಕೋಟೆಯ ತೆನೆಯಂತೆ ಹಲ್ಲು ಹಲ್ಲಾಗಿರುವುದರಿಂದ ಅದಕ್ಕೆ ಆ ಹೆಸರು. ಈ ಮೂರೂ ಗಟ್ಟಿಯಾಗಿದ್ದರೆ ಕಾರು ಗಟ್ಟಿ. ನಡುವಿನ ತಗಡು ಹೋದರೆ ಕಾರು ಮಧ್ಯದಲ್ಲಿ ಕುಸಿಯುತ್ತದೆ. ಆಗ ಬಾಗಿಲಿನ ಹಿಂದಿನ ಅಂಚಿನ ಸಂದು ಮೇಲ್ಗಡೆ ಕಿರಿದಾಗುತ್ತದೆ, ಕೆಳಗಡೆ ಅಗಲವಾಗುತ್ತದೆ. ಬಾಗಿಲು ಎತ್ತಿ ಹಾಕಬೇಕಾಗುವುದು ಆಗಲೇ.

ತುಕ್ಕು ಬರುವುದು ಒಳಗಿನಿಂದ. ಮುಂದಿನ ಚಕ್ರ ಎರಚುವ ಕೆಸರು ವಿಂಗ್‌ನ, ಅಂದರೆ ಮಡ್‌ಗಾರ್ಡ್‌ನ, ಒಳಗೆ ಹೋಗುತ್ತದೆ. ಅದನ್ನು ತಡೆಯಲು ಒಂದು ತಗಡೂ ಅದರ ಅಂಚಿಗೆ ರಬ್ಬರ್ ಪಟ್ಟಿಯೂ ಇವೆ. ರಬ್ಬರ್ ಒಣಗಿದ ಮೇಲೆ ಕೆಸರು ದಾಟಿ ಸಿಲ್‌ನ ತುದಿಯ ಮೇಲೆ ಕೂರುತ್ತದೆ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಹಾಕುವ ಉಪ್ಪೂ ಅದರ ಜೊತೆ ಸೇರುತ್ತದೆ. ಹೊರಗೆ ಒಂದು ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಅರ್ಧ ಮುಗಿದಿರುತ್ತದೆ.

ಇನ್ನೊಂದು ಸಲ ಹೋಗಿ ನೋಡಿ. ಹಳೇ ಬಟ್ಟೆ ಹಾಕಿಕೊಂಡು ಹೋಗಿ, ನೆಲದ ಮೇಲೆ ಮಲಗಬೇಕು. ಸ್ಕ್ರೂಡ್ರೈವರ್‌ನ ಹಿಡಿಯಿಂದ ಸಿಲ್ ಉದ್ದಕ್ಕೂ ತಟ್ಟುತ್ತಾ ಬನ್ನಿ. ತೆಂಗಿನಕಾಯಿ ತಟ್ಟಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಳ್ಳೆ ತಗಡು ಟಣ್ ಅನ್ನುತ್ತದೆ. ಪುಟ್ಟಿ ತುಂಬಿದ ಕಡೆ, ಒಳಗೆ ತುಕ್ಕು ಪುಡಿ ಬಿದ್ದಿರುವ ಕಡೆ ದಪ್ ಅನ್ನುತ್ತದೆ. ಒಂದು ಪುಟ್ಟ ಮ್ಯಾಗ್ನೆಟ್ಟೂ ಇರಲಿ. ಅದು ಹಿಡಿಯದ ಕಡೆ ಬಣ್ಣದ ಕೆಳಗೆ ದಪ್ಪ ಪುಟ್ಟಿ ಇದೆ, ಲೋಹ ಇಲ್ಲದೆಯೂ ಇರಬಹುದು. ಆಮೇಲೆ ಮಾರುವವರ ಒಪ್ಪಿಗೆ ಕೇಳಿ, ಒಂದು ಬದಿಯ ಜ್ಯಾಕಿಂಗ್ ಪಾಯಿಂಟ್‌ನಲ್ಲಿ ಜ್ಯಾಕ್ ಕೊಟ್ಟು ಎತ್ತಿ. ಎತ್ತಿದಾಗಲೂ ಬಾಗಿಲು ಮೊದಲಿನಂತೆಯೇ ತೆಗೆದು ಹಾಕಲು ಬರಬೇಕು. ಸಂದು ಬದಲಾದರೆ ಅಥವಾ ಬಾಗಿಲು ಸಿಕ್ಕಿಕೊಂಡರೆ ಸುಮ್ನೆ ಕೈಕುಲುಕಿ ಬಂದುಬಿಡಿ. ಆ ಸಿಲ್ ಹೋಗಿದೆ.

ಇನ್ನೊಂದು ಮೋಸ ಇದೆ. ಹಳೇ ತುಕ್ಕಿನ ಸಿಲ್ ಮೇಲೇ ಹೊಸ ತಗಡು ಹೊದಿಸಿ ವೆಲ್ಡ್ ಮಾಡುವುದು. ನಾನು ಮೊದಲು ಕೊಂಡ ಎಂಜಿಬಿ ಇಂಥದ್ದೇ. ಬಣ್ಣ ನೋಡಿ ಮರುಳಾಗಿ ಕೊಂಡೆ. ನಾಲ್ಕನೇ ತಿಂಗಳಲ್ಲಿ ಹೊರಗಿನ ತಗಡನ್ನು ಗ್ರೈಂಡರ್‌ನಲ್ಲಿ ಕೊಯ್ದಾಗ ಒಳಗಿಂದ ಎರಡು ಬೊಗಸೆ ಕೆಂಪು ಪುಡಿ ನೆಲಕ್ಕೆ ಸುರಿಯಿತು. ನಡುವಿನ ತಗಡು ಕಸೂತಿ ಬಟ್ಟೆಯ ಹಾಗೆ ತೂತು ತೂತಾಗಿತ್ತು. ಎರಡೂ ಬದಿ ಸರಿಮಾಡಲು ಒಂದು ಇಡೀ ಚಳಿಗಾಲ ಹೋಯಿತು. ಆ ಚೆಂದದ ಬಣ್ಣವೂ ಹೋಯಿತು. ಸಿಲ್ ಸರಿಯಾಗಿ ಬದಲಿಸಬೇಕಾದರೆ ವಿಂಗ್‌ಗಳ ಕೆಳಭಾಗವನ್ನೂ ಕೊಯ್ಯಬೇಕು. ಸಿಲ್‌ನ ತುದಿಗಳು ಅವುಗಳ ಹಿಂದೆ ಅಡಗಿವೆ.

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡಿರದ ಕಾರಿಗೆ 2018ರ ಮೇ ತಿಂಗಳಿಂದ ಎಂಒಟಿ ಅನ್ನುವ ವರ್ಷಕ್ಕೊಮ್ಮೆಯ ಸುರಕ್ಷತಾ ಪರೀಕ್ಷೆ ಕಡ್ಡಾಯವಲ್ಲ. ಎಂಜಿಬಿಗಳೆಲ್ಲ ಈಗ ಆ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಕಾರಿನ ಕೆಳಗನ್ನು ಯಾರೂ ನೋಡದೆ ವರ್ಷಗಳೇ ಆಗಿರಬಹುದು. ನೀವಾಗಿಯೇ ಪರೀಕ್ಷೆ ಮಾಡಿಸಿ, ವರ್ಷಾ ವರ್ಷ. ನಂಬರ್ ಪ್ಲೇಟ್ ಹಾಕಿದರೆ ಹಳೇ ಎಂಒಟಿ ವರದಿಗಳು ಸರ್ಕಾರದ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಹತ್ತು ವರ್ಷದ ಹಿಂದೆ ಯಾರೋ ಸಿಲ್ ತುಕ್ಕಿನ ಬಗ್ಗೆ ಒಂದು ಸಾಲು ಬರೆದಿದ್ದು, ಆಮೇಲೆ ರಿಪೇರಿಯ ಒಂದು ರಸೀದಿಯೂ ಇಲ್ಲ ಅಂದರೆ ನಿಮಗೆ ಉತ್ತರ ಸಿಕ್ಕಿತು.

ಇಷ್ಟೆಲ್ಲ ಆದ ಮೇಲೂ ಅದೇ ಕಾರು ಮನಸ್ಸಿಗೆ ಹಿಡಿದಿದ್ದರೆ, ಬೆಲೆ ಇಳಿಸಿಕೊಂಡು ಸಿಲ್ ಕೆಲಸಕ್ಕೆ ದುಡ್ಡು ಎತ್ತಿಡಿ. ಕೊಯ್ಯುವ ಮುಂಚೆ ಬಾಗಿಲಿನ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಲೇಬೇಕು. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದು ಬದಿಗೆ ಕೈ ಹಚ್ಚಬಾರದು. ಬಾಗಿಲನ್ನು ಮತ್ತೆ ಮತ್ತೆ ಕೂರಿಸಿ ಸಂದು ನೋಡುತ್ತಲೇ ಇರಬೇಕು. ಬಾಡಿ ಪೂರ್ತಿ ಹೋಗಿದ್ದರೆ ಇನ್ನೊಂದು ದಾರಿ ಇದೆ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಲ್ಲಿ ಹಳೇ ಅಚ್ಚುಗಳನ್ನೇ ಬಳಸಿ ಹೊಸ ಎಂಜಿಬಿ ಬಾಡಿ ತಯಾರಿಸಲು ಶುರುಮಾಡಿತು. ಖರ್ಚು ಜಾಸ್ತಿ, ಆದರೆ ಅದು ಕೆಲಸ ಮಾಡುವ ದಾರಿ.

ಪ್ರಶ್ನೆ: ಲೆಸ್ಟರ್‌ನಿಂದ. ನಮ್ಮದು 1972ರ ಎಂಜಿಬಿ ಜಿಟಿ, ಛಾವಣಿ ಇರುವ ಮಾದರಿ. ವೈಪರ್ ನಿಧಾನ, ಹೀಟರ್ ಫ್ಯಾನ್ ನಿಧಾನ. ಬ್ರೇಕ್ ಒತ್ತಿಕೊಂಡಿದ್ದರೆ ಇಂಡಿಕೇಟರ್ ನಿಂತೇ ಹೋಗುತ್ತದೆ. ಲೂಕಸ್ ಕಂಪನಿಯ ವೈರಿಂಗೇ ಹೀಗೆ, ಪೂರ್ತಿ ಬದಲಿಸಿ ಅಂತ ಸ್ನೇಹಿತರು ಹೇಳುತ್ತಾರೆ.

ಉತ್ತರ: ಬದಲಿಸಬೇಡಿ. ನೀವು ಹೇಳಿದ ವೈಪರ್, ಫ್ಯಾನ್, ಬ್ರೇಕ್ ಲೈಟ್, ಇಂಡಿಕೇಟರ್ ಎಲ್ಲಕ್ಕೂ ಹಸಿರು ವೈರ್ ಹೋಗುತ್ತದೆ. ಈ ಕಾರುಗಳಲ್ಲಿ ಬಣ್ಣವೇ ಭಾಷೆ. ಕಂದು ಬಣ್ಣದ್ದು ಬ್ಯಾಟರಿಯಿಂದ ನೇರ ಬರುವುದು. ಬಿಳಿಯದು ಕೀ ತಿರುಗಿಸಿದ ಮೇಲೆ ಜೀವ ಬರುವುದು. ಅದು ಫ್ಯೂಸ್ ದಾಟಿದ ಮೇಲೆ ಹಸಿರಾಗುತ್ತದೆ. ಕಪ್ಪು ಅರ್ತ್, ಅಂದರೆ ಕಾರಿನ ಬಾಡಿಗೆ ಸೇರುವುದು. ನಾಲ್ಕೂ ಒಟ್ಟಿಗೆ ಸೊರಗಿವೆ ಅಂದರೆ ನಾಲ್ಕಕ್ಕೂ ಸೇರಿದ ಒಂದು ಜಾಗದಲ್ಲಿ ತೊಂದರೆ ಇದೆ. ಹತ್ತರಲ್ಲಿ ಒಂಬತ್ತು ಸಲ ಆ ಜಾಗ ಫ್ಯೂಸ್ ಬಾಕ್ಸ್.

ಮೊದಲು ಬ್ಯಾಟರಿ ಕಳಚಿ. ಫ್ಯೂಸ್ ತೆಗೆದು ಅದನ್ನು ಹಿಡಿದಿರುವ ಹಿತ್ತಾಳೆ ಕ್ಲಿಪ್ ನೋಡಿ. ಹಸಿರು ಮಿಶ್ರಿತ ಬೂದಿ ಪದರ ಕಟ್ಟಿರುತ್ತದೆ. ನಯವಾದ ಎಮರಿ ಪೇಪರ್ ಮಡಿಸಿ, ಹಿತ್ತಾಳೆ ಹೊಳೆಯುವವರೆಗೆ ಉಜ್ಜಿ. ಕ್ಲಿಪ್ ಸಡಿಲವಾಗಿದ್ದರೆ ಮೆಲ್ಲಗೆ ಒತ್ತಿ ಬಿಗಿ ಮಾಡಿ. ಹಿಂಬದಿಯ ಸ್ಪೇಡ್ ಕನೆಕ್ಟರ್‌ಗಳನ್ನೂ ಒಂದೊಂದಾಗಿ ಎಳೆದು ಉಜ್ಜಿ ಹಾಕಿ. ಆಮೇಲೆ ಬ್ಯಾಟರಿ ಜೋಡಿಸಿ, ಕೀ ಹಾಕಿ, ವೈಪರ್ ಓಡಿಸಿ, ಮೀಟರ್‌ನಲ್ಲಿ ಫ್ಯೂಸ್‌ನ ಎರಡೂ ತುದಿಯ ವೋಲ್ಟ್ ಅಳೆಯಿರಿ. ಎರಡೂ ಕಡೆ ಒಂದೇ ಬರಬೇಕು. ಬಂದೂ ವೈಪರ್ ನಿಧಾನವೇ ಆದರೆ ಬಿಳಿ ವೈರ್ ಹಿಡಿದು ಇಗ್ನಿಷನ್ ಸ್ವಿಚ್ ಕಡೆಗೆ ಹೋಗಿ, ಅರ್ತ್ ಜೋಡಣೆಗಳನ್ನೂ ನೋಡಿ.

ಒಂದು ಎಚ್ಚರಿಕೆ. ಈ ಕಾರಿನ ಪುಸ್ತಕದಲ್ಲಿ 35 ಆಂಪ್ ಫ್ಯೂಸ್ ಅಂತ ಇರುತ್ತದೆ. ಅದು ಸುಟ್ಟುಹೋಗುವ ಅಳತೆ. ಸದಾ ಹೊರಬಹುದಾದದ್ದು 17 ಆಂಪ್ ಮಾತ್ರ. ಸದಾ 35 ಆಂಪ್ ಹೊರುವ ಬೇರೆ ನಮೂನೆಯ ಫ್ಯೂಸೂ ಅದೇ ಗಾತ್ರದಲ್ಲಿ ಸಿಗುತ್ತದೆ. ಅದನ್ನು ಹಾಕಿದರೆ ಫ್ಯೂಸ್ ಉಳಿದು ವೈರ್ ಸುಡುತ್ತದೆ. 17/35 ಅಂತ ಬರೆದದ್ದನ್ನೇ ಕೇಳಿ ತಗೊಳ್ಳಿ.

1967ಕ್ಕೂ ಹಿಂದಿನ ಎಂಜಿಬಿ ಇರುವವರಿಗೂ ಒಂದು ಮಾತು. ನಿಮ್ಮ ಕಾರು ಪಾಸಿಟಿವ್ ಅರ್ತ್. ಬಾಡಿಗೆ ಸೇರುವುದು ಬ್ಯಾಟರಿಯ ಪ್ಲಸ್. ಇವತ್ತಿನ ರೇಡಿಯೋ, ಎಲೆಕ್ಟ್ರಾನಿಕ್ ಇಗ್ನಿಷನ್ ಯಾವುದನ್ನೂ ಇದನ್ನು ನೋಡಿಕೊಳ್ಳದೆ ಜೋಡಿಸಬೇಡಿ.

ಪ್ರಶ್ನೆ: ಮೈಸೂರಿನಿಂದ. ನಮ್ಮ ತಂದೆಯ ಹಳೇ ಅಂಬಾಸಿಡರ್ ಇನ್ನೂ ಶೆಡ್ಡಿನಲ್ಲಿದೆ, ಪೆಟ್ರೋಲ್ ಎಂಜಿನ್, 1489 ಸಿಸಿ. ಇದಕ್ಕೂ ಎಂಜಿ ಕಾರಿಗೂ ಸಂಬಂಧ ಇದೆ ಅಂತ ಯಾರೋ ಹೇಳಿದರು. ನಿಜವಾ?

ಉತ್ತರ: ನಿಜ. ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸ್. ನಿಮ್ಮ ಎಂಜಿನ್, ಮಾರಿಸ್ ಮತ್ತು ಎಂಜಿ ಎರಡರ ಒಡೆತನ ಇದ್ದ ಬಿಎಂಸಿ ಕಂಪನಿಯ ಬಿ-ಸೀರೀಸ್. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿಗೂ ಇದೇ ಮನೆತನದ 1489 ಸಿಸಿ ಎಂಜಿನ್ ಇತ್ತು, ಎರಡು ಎಸ್‌ಯು ಕಾರ್ಬುರೇಟರ್ ಜೊತೆ. ಅದೇ ಎಂಜಿನ್ ಬೆಳೆದು ಎಂಜಿಬಿಯಲ್ಲಿ 1798 ಸಿಸಿ ಆಯಿತು. ಎಂಜಿಬಿಯ ಬಾನೆಟ್ ಎತ್ತಿದಾಗಲೆಲ್ಲ ನನಗೆ ಊರಿನ ಟ್ಯಾಕ್ಸಿ ಸ್ಟ್ಯಾಂಡ್ ನೆನಪಾಗುತ್ತದೆ. ಟ್ಯಾಪೆಟ್‌ನ ಟಕಟಕ ಸದ್ದು ಅಷ್ಟು ಹತ್ತಿರ.

ಹಾಗಂತ ಬಿಡಿಭಾಗ ಒಂದರದು ಇನ್ನೊಂದಕ್ಕೆ ಕೂರುತ್ತದೆ ಅಂತ ತಿಳಿಯಬೇಡಿ. ಆದರೆ ಕೆಲಸ ಮಾಡುವ ಕ್ರಮ ಒಂದೇ. ನಟ್ಟುಗಳು ಇಂಚಿನವು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಜಾರಿ ಮೂಲೆ ಸವೆಯುತ್ತದೆ. ತಂದೆಯವರ ಹಳೇ ಇಂಚಿನ ಸ್ಪ್ಯಾನರ್ ಇದ್ದರೆ ಅದು ಆಸ್ತಿ, ಯಾರಿಗೂ ಕೊಡಬೇಡಿ. ಆಯಿಲ್ 20ಡಬ್ಲ್ಯೂ-50, ಜಿಂಕ್ ಜಾಸ್ತಿ ಇರುವುದು. ಹಳೇ ಕ್ಯಾಮ್‌ಗೂ ಟ್ಯಾಪೆಟ್‌ಗೂ ಅದು ಬೇಕು. ಇನ್ನು ಪೆಟ್ರೋಲ್ ಪೈಪು. ಇಲ್ಲಿ ಬ್ರಿಟನ್ನಿನಲ್ಲಿ 2021ರಿಂದ ಶೇ 10 ಎಥೆನಾಲ್ ಪೆಟ್ರೋಲ್ ಬಂದಿದೆ, ನಿಮ್ಮಲ್ಲಿ ಶೇ 20. ಎಥೆನಾಲ್ ಹಳೇ ರಬ್ಬರನ್ನು ಮೆತ್ತಗೆ ಮಾಡಿ ಸೀಳುತ್ತದೆ. ಪೈಪ್ ಬಗ್ಗಿಸಿ ನೋಡಿ, ಗೆರೆ ಗೆರೆ ಸೀಳು ಕಂಡರೆ ಆ ಕಾರನ್ನು ಸ್ಟಾರ್ಟ್ ಮಾಡಲೇಬೇಡಿ. ಎಥೆನಾಲ್ ತಡೆಯುವ ಪೈಪ್ ಹಾಕಿದ ಮೇಲೆ ಮುಂದಿನ ಮಾತು.

ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರೂ ಇದನ್ನು ಓದುತ್ತಿರಬಹುದು. ಅದು ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿನ ಹತ್ತಿರದ ಸಂಬಂಧಿ. ಅದರ ಮುಂದಿನ ಚಕ್ರ ಸ್ಟೀರಿಂಗ್ ಜೊತೆ ತಿರುಗುವ ಹಿತ್ತಾಳೆ ಕೀಲಿಗೆ (ಟ್ರನಿಯನ್) ಗ್ರೀಸ್ ಅಲ್ಲ, ಇಪಿ 90 ಗೇರ್ ಆಯಿಲ್ ಹಾಕಬೇಕು. ಗ್ರೀಸ್ ಗಟ್ಟಿಯಾಗಿ ಥ್ರೆಡ್‌ವರೆಗೆ ಹೋಗುವುದೇ ಇಲ್ಲ. ಒಳಗೆ ನೀರು ನಿಂತು ತುಕ್ಕು ಹಿಡಿದು, ಒಂದು ದಿನ ಚಕ್ರವನ್ನು ಹಿಡಿದಿರುವ ಕಂಬ ಮುರಿದು ಚಕ್ರ ಮಗುಚಿಕೊಳ್ಳುತ್ತದೆ. ಎಂಜಿಬಿಯಲ್ಲಿ ಅದೇ ಕೆಲಸ ಮಾಡುವ ಕಿಂಗ್‌ಪಿನ್ ಬೇರೆ ಥರ, ಅದಕ್ಕೆ ಗ್ರೀಸೇ ಸರಿ. ಪ್ರತಿ 3000 ಮೈಲಿಗೆ ಒಂದು ಸಲ, ಚಕ್ರವನ್ನು ನೆಲದಿಂದ ಎತ್ತಿಕೊಂಡು ಗ್ರೀಸ್ ಹಾಕಿ.

ಪ್ರಶ್ನೆ: ಎಸ್‌ಯು ಕಾರ್ಬುರೇಟರ್ ಎಷ್ಟು ತಿರುಗಿಸಿದರೂ ಟ್ಯೂನ್ ಆಗುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? (ಬ್ರಿಸ್ಟಲ್)

ಉತ್ತರ: ಬಹುಶಃ ನೀವು ಅದನ್ನೇ ಮೊದಲು ಹಿಡಿದಿದ್ದೀರಿ. ಅದು ಕೊನೆಯ ಕೆಲಸ. ಮೊದಲು ಟ್ಯಾಪೆಟ್ ಸಂದು, ಆಮೇಲೆ ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್, ಆಮೇಲೆ ಕಿಡಿ ಹೊತ್ತುವ ಟೈಮಿಂಗ್. ಅಷ್ಟು ಸರಿ ಇದ್ದರೆ ಕಾರ್ಬುರೇಟರ್ ತಲೆಯಲ್ಲಿರುವ ಡ್ಯಾಶ್‌ಪಾಟ್‌ಗೆ ಆಯಿಲ್ ಹಾಕಿ. ಎರಡೂ ಕಾರ್ಬುರೇಟರ್‌ಗಳ ಒಳಗಿನ ಪಿಸ್ಟನ್ ಎತ್ತಿ ಬಿಟ್ಟಾಗ ಟಕ್ ಅಂತ ಕೂರಬೇಕು.

ಎಂಜಿನ್ ಬಿಸಿಯಾದ ಮೇಲೆ ಒಂದು ಕಾರ್ಬುರೇಟರ್‌ನ ಪಿಸ್ಟನ್ ಅನ್ನು ಪಕ್ಕದ ಪಿನ್‌ನಿಂದ ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ನಿಂತುಹೋಗುವ ಹಾಗಾದರೆ ಕಡಿಮೆ. ಒಂದು ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿ. ನಿಮ್ಮದು ಎಚ್‌ಎಸ್4 ನಮೂನೆಯ ಎಸ್‌ಯು ಆದರೆ ಕೆಳಗಿನ ನಟ್ಟನ್ನು ಒಂದು ಸಲಕ್ಕೆ ಒಂದು ಮುಖದಷ್ಟೇ ತಿರುಗಿಸಿ. ಕೆಳಗಿಳಿಸಿದರೆ ಪೆಟ್ರೋಲ್ ಜಾಸ್ತಿ, ಏರಿಸಿದರೆ ಕಡಿಮೆ. ಎರಡೂ ಒಂದೇ ಸಮ ಗಾಳಿ ಎಳೆಯುತ್ತಿವೆಯಾ ಅಂತ ತಿಳಿಯಲು ಒಂದು ತುಂಡು ರಬ್ಬರ್ ಪೈಪ್ ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ. ಎರಡರ ಬುಸ್ ಸದ್ದೂ ಒಂದೇ ಥರ ಕೇಳಬೇಕು.

ಪ್ರಶ್ನೆ: ಚಳಿಗಾಲದಲ್ಲಿ ಕಾರಿಗೆ ಕವರ್ ಹಾಕಿ ಐದು ತಿಂಗಳು ನಿಲ್ಲಿಸುತ್ತೇನೆ. ಸಾಕಾ?

ಉತ್ತರ: ಸಾಲದು. ನಿಲ್ಲಿಸುವ ಮುಂಚೆ ಚಕ್ರದ ಗೂಡುಗಳನ್ನು, ಮುಂದಿನ ವಿಂಗ್‌ನ ಒಳಗನ್ನು ಪೈಪ್ ಹಿಡಿದು ತೊಳೆಯಿರಿ. ಹೊರಬರುವ ನೀರು ತಿಳಿಯಾಗುವವರೆಗೆ ನಿಲ್ಲಿಸಬೇಡಿ. ಒಣಗಿದ ಮೇಲೆ ಸಿಲ್ ಒಳಗೆ ಮೇಣದ ಸ್ಪ್ರೇ ಹೊಡೆಯಿರಿ. ಸಿಲ್‌ನ ಕೆಳಗೆ ನೀರು ಹೋಗುವ ಪುಟ್ಟ ತೂತುಗಳಿವೆ. ಮೇಣ ಅವುಗಳನ್ನು ಮುಚ್ಚಿರುತ್ತದೆ, ಒಂದು ತಂತಿ ಹಾಕಿ ಬಿಡಿಸಿ. ತೇವದ ಜಾಗದಲ್ಲಿ ಪ್ಲಾಸ್ಟಿಕ್ ಕವರ್ ಬೇಡ, ಗಾಳಿಯಾಡುವ ಬಟ್ಟೆಯದು ಇರಲಿ. ರಸ್ತೆ ಒಣಗಿ, ಒಂದು ಒಳ್ಳೆ ಮಳೆ ಉಪ್ಪನ್ನು ತೊಳೆದುಹೋದ ಮೇಲೆ ಅರ್ಧ ಗಂಟೆ ಓಡಿಸಿ ಬನ್ನಿ. ಹೊರಡುವ ಮುಂಚೆ ಕೀ ಮಾತ್ರ ತಿರುಗಿಸಿ, ಕಿವಿಗೊಡಿ. ಹಿಂದಿನ ಬಲ ಚಕ್ರದ ಹತ್ತಿರ ಎಸ್‌ಯು ಪೆಟ್ರೋಲ್ ಪಂಪ್ ಟಿಕ್ ಟಿಕ್ ಟಿಕ್ ಅಂದು, ನಿಧಾನವಾಗಿ, ನಿಲ್ಲಬೇಕು. ನಿಲ್ಲದೆ ಬಡಿಯುತ್ತಲೇ ಇದ್ದರೆ ಪೆಟ್ರೋಲ್ ಎಲ್ಲೋ ಸೋರುತ್ತಿರಬಹುದು, ಇಲ್ಲವೇ ಟ್ಯಾಂಕ್ ಖಾಲಿ. ಕೀ ತೆಗೆದು ಟಾರ್ಚ್ ಹಿಡಿದು ಕೆಳಗೆ ನೋಡಿ.